ಬೀಜವಿಲ್ಲದ ಬಳ್ಳಿಯ ಸಂತಾನ



ಉಪನ್ಯಾಸಕ್ಕೆ ಬರುವವರು ಹಾಳೆ ಹಿಡಿದು ಬರುತ್ತಾರೆ. ನಾನು ಒಂದು ಗೊಂಚಲು ದ್ರಾಕ್ಷಿ, ಒಂದು ಬ್ಲೇಡು ಹಿಡಿದು ಬಂದಿದ್ದೇನೆ. ಗೊಂಚಲು ಇವತ್ತು ಬೆಳಿಗ್ಗೆ ತಿಕೋಟಾ ಕಡೆಯ ತೋಟವೊಂದರಲ್ಲಿ ಕೊಯ್ದದ್ದು. ಥಾಮ್ಸನ್ ಸೀಡ್‌ಲೆಸ್. ಒಂದು ಹಣ್ಣನ್ನು ಉದ್ದಕ್ಕೆ ಸೀಳುತ್ತೇನೆ. ಹಿಂದೆ ಕೂತವರಿಗೆ ಕಾಣುವುದಿಲ್ಲ, ಮುಂದಿನ ಸಾಲಿನವರು ನೋಡಿ ಹೇಳಿ. ನಟ್ಟನಡುವೆ ರಾಗಿ ಕಾಳಿನಷ್ಟು ಗಾತ್ರದ, ಮಾಸಲು ಬಣ್ಣದ ಮೆತ್ತನೆಯ ಚುಕ್ಕೆಗಳಿವೆಯಲ್ಲ, ಅವು ಬೀಜಗಳು. ಬೀಜವಾಗಲು ಹೊರಟು ಅರ್ಧದಲ್ಲಿ ನಿಂತವು. ತಿನ್ನುವಾಗ ಹಲ್ಲಿಗೆ ಗೊತ್ತಾಗುವುದಿಲ್ಲ, ಅದಕ್ಕೇ ನಾವು ಇದನ್ನು ಬೀಜವಿಲ್ಲದ ಹಣ್ಣು ಎನ್ನುತ್ತೇವೆ.

ಈ ಬಳ್ಳಿಯಲ್ಲಿ ಪರಾಗಸ್ಪರ್ಶ ಆಗುತ್ತದೆ, ಗರ್ಭ ಕಟ್ಟುತ್ತದೆ, ಭ್ರೂಣ ಕೆಲವು ವಾರ ಜೀವಂತವಾಗಿಯೂ ಇರುತ್ತದೆ. ಆದರೆ ಅದರ ಸುತ್ತ ಗಟ್ಟಿ ಸಿಪ್ಪೆ ಕಟ್ಟಬೇಕು, ಹೊಟ್ಟೆಗೆ ಬುತ್ತಿ ತುಂಬಬೇಕು. ಆ ಕೆಲಸ ನಡೆಯುವುದಿಲ್ಲ. ಮನೆಯೂ ಇಲ್ಲದೆ ಊಟವೂ ಇಲ್ಲದೆ ಭ್ರೂಣ ಸಾಯುತ್ತದೆ. ಏಕೆ ಹೀಗೆ ಎಂಬುದು ಬಹಳ ಕಾಲ ಒಗಟಾಗಿತ್ತು. 18ನೆಯ ಕ್ರೋಮೋಸೋಮಿನ ಮೇಲೆ ಬೀಜದ ಸಿಪ್ಪೆಯ ಉಸ್ತುವಾರಿ ನೋಡಿಕೊಳ್ಳುವ ಒಂದು ಜೀನ್ ಇದೆ, ಹೆಸರು ಎಜಿಎಲ್11. ಅದು ಕಟ್ಟುವ ಪ್ರೋಟೀನಿನಲ್ಲಿ 197ನೆಯ ಜಾಗದಲ್ಲಿ ಅರ್ಜಿನೀನ್ ಇರಬೇಕಾದಲ್ಲಿ ಲ್ಯೂಸೀನ್ ಬಂದು ಕೂತಿದೆ ಎಂದು ಸ್ಪೇನಿನ ವಿಜ್ಞಾನಿಗಳ ಮುಂದಾಳತ್ವದ ತಂಡ 2018ರಲ್ಲಿ ತೋರಿಸಿತು. ಒಂದು ಅಕ್ಷರದ ತಪ್ಪು. ವಿಜಯಪುರದ ಒಣದ್ರಾಕ್ಷಿ ಶೆಡ್ಡುಗಳೆಲ್ಲ ಆ ಒಂದು ಅಕ್ಷರದ ಮೇಲೆ ನಿಂತಿವೆ!

ತೋಟದವರಿಗೆ ಇದರ ಇನ್ನೊಂದು ಮುಖ ಗೊತ್ತು. ಹಣ್ಣು ದಪ್ಪವಾಗಲು ಬೇಕಾದ ಹಾರ್ಮೋನನ್ನು ಒದಗಿಸುವುದು ಬಲಿಯುತ್ತಿರುವ ಬೀಜ. ಬೀಜವೇ ಬತ್ತಿಹೋದ ಮೇಲೆ ಹಣ್ಣು ಗುಂಡಗೆ, ಸಣ್ಣಗೆ ಉಳಿಯುತ್ತದೆ. ಅದಕ್ಕೇ ಕಾಯಿ 3-4 ಮಿಲಿಮೀಟರ್ ಇದ್ದಾಗ ಒಮ್ಮೆ, 6-7 ಆದಾಗ ಇನ್ನೊಮ್ಮೆ ಜಿ.ಎ. ಎಂಬ ಆ ಹಾರ್ಮೋನಿನ ದ್ರಾವಣದ ಮಗ್ಗಿನಲ್ಲಿ ಗೊಂಚಲು ಗೊಂಚಲನ್ನೂ ಅದ್ದುತ್ತೀರಿ. ಹುಟ್ಟದೆ ಹೋದ ಬೀಜದ ಕೆಲಸವನ್ನು ಡಿಪ್ಪಿಂಗ್‌ಗೆ ಬರುವ ಹೆಣ್ಣುಮಕ್ಕಳು ಬಾಗಿ ನಿಂತು ಮಾಡುತ್ತಾರೆ.

ಇಂಥ ಬಳ್ಳಿಗೆ ಮಕ್ಕಳಾಗುವುದು ಹೇಗೆ? ಆಗುವುದಿಲ್ಲ. ಕಡ್ಡಿ ನೆಡುತ್ತೇವೆ, ಇಲ್ಲವೆ ಕಣ್ಣು ಕಸಿ ಮಾಡುತ್ತೇವೆ. ಕಡ್ಡಿಯಿಂದ ಬಂದದ್ದು ಮಗುವಲ್ಲ, ಅದೇ ಬಳ್ಳಿಯ ಇನ್ನೊಂದು ಕೈ. ಪಶ್ಚಿಮ ಏಷ್ಯಾದಲ್ಲಿ ಕಿಶ್‌ಮಿಶ್ ಎಂದೂ ಸುಲ್ತಾನಾ ಎಂದೂ ಕರೆಸಿಕೊಂಡ ಹಳೆಯ ಬಳ್ಳಿಯೊಂದು ಕ್ಯಾಲಿಫೋರ್ನಿಯಾಕ್ಕೆ ಹೋಗಿ, ಅಲ್ಲಿ ಅದನ್ನು ಬೆಳೆಸಿದ ಥಾಮ್ಸನ್ ಎಂಬಾತನ ಹೆಸರು ಹೊತ್ತು ನಮ್ಮಲ್ಲಿಗೆ ಬಂತು. ತಾಸ್-ಎ-ಗಣೇಶ, ಸೋನಾಕಾ, ಮಾಣಿಕ್ ಚಮನ್ ಅದರಲ್ಲೇ ಮೂಡಿದ ಸಣ್ಣ ವ್ಯತ್ಯಾಸಗಳು. ಸಾವಿರ ಗೊಂಚಲಿನ ನಡುವೆ ಒಂದು ರೆಂಬೆಯ ಕಾಯಿ ಉದ್ದವಿದೆ ಎಂದು ಗುರುತಿಸಿ ಅದನ್ನೇ ಬೆಳೆಸಿದ ಸಾಂಗ್ಲಿ-ಸೊಲ್ಲಾಪುರ ಕಡೆಯ ರೈತರ ಕಣ್ಣಿಗೆ ನನ್ನ ನಮಸ್ಕಾರ. ಆದರೂ ಅವೆಲ್ಲ ಒಂದೇ ಬಳ್ಳಿ ಬೇರೆ ಬೇರೆ ಅಂಗಿ ತೊಟ್ಟ ಹಾಗೆ. ರೋಗ ಬಂದರೆ ಎಲ್ಲಕ್ಕೂ ಒಟ್ಟಿಗೆ ಬರುತ್ತದೆ.

ರೋಗ ಹರಡುವ ಬೂಷ್ಟಿಗೆ ಇಂಥ ಕಟ್ಟುಪಾಡಿಲ್ಲ. ಅದು ಮರಿ ಹಾಕುತ್ತಲೇ ಇರುತ್ತದೆ, ಬದಲಾಗುತ್ತಲೇ ಇರುತ್ತದೆ. ನಾನು ಇವತ್ತು ಹೇಳಬೇಕೆಂದು ಬಂದದ್ದು ಇದನ್ನೇ. ದ್ರಾಕ್ಷಿಯ ಸಂಕಟ ನಾವು ಅದರ ಸಂತಾನವನ್ನು ನಿಲ್ಲಿಸಿದ್ದರಿಂದ ಬಂದದ್ದು. ಜೈವಿಕ ತಂತ್ರಜ್ಞಾನ ಎಂದು ದೊಡ್ಡ ಹೆಸರಿಟ್ಟು ಕರೆಯುವುದರಲ್ಲಿ ಬಹುಪಾಲು, ಈ ಬಳ್ಳಿಗೆ ಮತ್ತೆ ಮಕ್ಕಳಾಗುವಂತೆ ಮಾಡುವ ಸೂಲಗಿತ್ತಿ ಕೆಲಸ.

ಶತ್ರುಗಳು ಬಂದ ಕತೆ ಬೇಗ ಹೇಳಿ ಮುಗಿಸುತ್ತೇನೆ. ನಾವು ಬೂದಿ ರೋಗ, ಭೂರಿ ಎನ್ನುವುದು 1845ರಲ್ಲಿ ಇಂಗ್ಲೆಂಡಿನ ಮಾರ್ಗೇಟ್ ಊರಿನ ಗಾಜಿನ ಮನೆಯೊಂದರಲ್ಲಿ ಟಕ್ಕರ್ ಎಂಬ ತೋಟಗಾರನ ಕಣ್ಣಿಗೆ ಬಿತ್ತು. 1860ರ ದಶಕದಲ್ಲಿ ಫ್ರಾನ್ಸಿನ ಬಳ್ಳಿಗಳ ಬೇರಿಗೆ ಫಿಲಾಕ್ಸೆರಾ ಹೇನು ಹತ್ತಿತು. 1878ರಲ್ಲಿ ಅಲ್ಲಿಗೆ ದಾವಣಿ, ಅಂದರೆ ಡೌನಿ ಮಿಲ್ಡ್ಯೂ ರೋಗ, ಬಂತು. ಮೂರೂ ಅಮೆರಿಕದಿಂದ ಹಡಗು ಹತ್ತಿ ಬಂದವು. ಅಮೆರಿಕದ ಕಾಡುದ್ರಾಕ್ಷಿಗಳು ಇವುಗಳ ಜತೆ ಲಕ್ಷಾಂತರ ವರ್ಷ ಗುದ್ದಾಡಿ ಗಟ್ಟಿಯಾಗಿದ್ದವು. ಯುರೋಪು-ಏಷ್ಯಾದ ಬಳ್ಳಿಗೆ ಅವುಗಳ ಪರಿಚಯವೇ ಇರಲಿಲ್ಲ. ಹೇನಿಗೆ ಉಪಾಯ ಸಿಕ್ಕಿತು: ಬುಡಕ್ಕೆ ಅಮೆರಿಕದ ಗಿಡ, ಮೇಲೆ ಊರಿನ ಬಳ್ಳಿ. ನಮ್ಮಲ್ಲಿ ಉಪ್ಪುನೀರು ಮತ್ತು ಬರ ತಡೆಯಲಿ ಎಂದು ಡಾಗ್‌ರಿಜ್ ಮೇಲೆ ಕಸಿ ಮಾಡುತ್ತೀರಲ್ಲ, ಅದು ಟೆಕ್ಸಾಸಿನ ಕಾಡಿನ ವಂಶದ್ದು. ನಿಮ್ಮ ಒಂದೊಂದು ಗಿಡವೂ ಮಣ್ಣಿನ ಕೆಳಗೆ ಟೆಕ್ಸಾಸು, ಮೇಲೆ ಏಷ್ಯಾ. ದಾವಣಿಗೆ ಸಿಕ್ಕಿದ್ದು ಮೈಲುತುತ್ತು-ಸುಣ್ಣದ ಬೋರ್ಡೋ ದ್ರಾವಣ. ದಾರಿಹೋಕರು ಹಣ್ಣು ಕದಿಯದಿರಲೆಂದು ರಸ್ತೆ ಬದಿಯ ಬಳ್ಳಿಗಳಿಗೆ ಬಳಿದಿದ್ದ ನೀಲಿ ಬಣ್ಣ ರೋಗವನ್ನೂ ತಡೆದದ್ದನ್ನು ಗಮನಿಸಿ ಮಿಲಾರ್ಡೆ 1885ರಲ್ಲಿ ಅದನ್ನು ಪ್ರಕಟಿಸಿದ. ಅಂದು ಹಿಡಿದ ಪಂಪನ್ನು ದ್ರಾಕ್ಷಿಯವರು ಇಂದಿಗೂ ಕೆಳಗಿಟ್ಟಿಲ್ಲ.

ಅಕ್ಟೋಬರ್ ಚಾಟ್ನಿ, ಅಂದರೆ ಬಳ್ಳಿ ಸವರುವ ಕೆಲಸ, ಮುಗಿದು ಚಿಗುರು ಹೊಡೆಯುವ ಹೊತ್ತಿಗೆ ಹಿಂಗಾರು ಮಳೆಯ ಎರಡು ಹನಿ ಬಿದ್ದರೆ ಸಾಕು, ದಾವಣಿ ಬರುತ್ತದೆ. ಬೆಳಿಗ್ಗೆ ಎಲೆಯ ಮೇಲೆ ಎಣ್ಣೆ ಚೆಲ್ಲಿದಂಥ ಕಲೆ, ಎಲೆ ತಿರುಗಿಸಿದರೆ ಹಿಂದೆ ಬಿಳಿ ಹತ್ತಿ. ಹೂಗೊಂಚಲಿಗೆ ಹತ್ತಿದರೆ ಆ ವರ್ಷ ಅಲ್ಲಿಗೆ ಮುಗಿಯಿತು. ರಾತ್ರಿ ಹನ್ನೆರಡಕ್ಕೆ ಟ್ರ್ಯಾಕ್ಟರ್ ಲೈಟು ಹಾಕಿಕೊಂಡು ಔಷಧಿ ಹೊಡೆಯುವವರು ಈ ಸಭೆಯಲ್ಲೇ ಎಷ್ಟು ಜನ ಇದ್ದೀರಿ ಎಂದು ಕೇಳಬೇಕಾಗಿಲ್ಲ.

ಹಾಗಾದರೆ ಅಮೆರಿಕದ ಕಾಡುಬಳ್ಳಿಯನ್ನೂ ನಮ್ಮ ಬಳ್ಳಿಯನ್ನೂ ಕೂಡಿಸಿದರಾಯಿತಲ್ಲ? ಈ ಯೋಚನೆ ನೂರೈವತ್ತು ವರ್ಷ ಹಳೆಯದು. ಮಾಡಿಯೂ ನೋಡಿದರು. ಕಷ್ಟ ಏನೆಂದು ಅದನ್ನು ಕೈಯಾರೆ ಮಾಡಿದವನಾಗಿ ಹೇಳುತ್ತೇನೆ.

ದ್ರಾಕ್ಷಿ ಹೂವು ನೋಡಿದ್ದೀರಲ್ಲ, ಸಾಸಿವೆಗಿಂತ ತುಸು ದೊಡ್ಡದು. ಐದು ದಳ ತುದಿಯಲ್ಲಿ ಅಂಟಿಕೊಂಡು ಟೋಪಿಯಾಗಿರುತ್ತವೆ. ಟೋಪಿ ತಾನಾಗಿ ಬೀಳುವ ಮೊದಲೇ ಚಿಮಟದಿಂದ ಎತ್ತಿ, ಜತೆಗೆ ಪರಾಗದ ಚೀಲಗಳನ್ನೂ ಕಿತ್ತು, ನಡುವಿನ ಅಂಡಾಶಯಕ್ಕೆ ಪೆಟ್ಟಾಗದಂತೆ ಬಿಡಬೇಕು. ಒಂದು ಹೂವಿಗೆ ಹೀಗೆ. ಒಂದು ಗೊಂಚಲಲ್ಲಿ ನೂರಾರು ಹೂವು. ಆಮೇಲೆ ಕಾಗದದ ಚೀಲ ಕಟ್ಟಿ, ಮರುದಿನ ಬ್ರಷ್ಷಿನಲ್ಲಿ ಗಂಡು ಬಳ್ಳಿಯ ಪರಾಗ ಮುಟ್ಟಿಸಿ, ಚೀಟಿ ಬರೆದು ತೂಗುಹಾಕಬೇಕು. ಯುವಕನಾಗಿದ್ದಾಗ ನಾನು ಈ ಕೆಲಸದಲ್ಲಿ ಮೂರು ಹಂಗಾಮು ಕಳೆದೆ. ಮೂರನೆಯ ವರ್ಷ ಸೀಸದ ಕಡ್ಡಿ ಬಿಟ್ಟು ಶೋಕಿಗೆ ಶಾಯಿ ಪೆನ್ನಿನಲ್ಲಿ ಚೀಟಿ ಬರೆದೆ. ಒಂದು ಅಕಾಲ ಮಳೆ ಬಂತು. ಬಿಚ್ಚಿ ನೋಡಿದರೆ ಚೀಟಿಯ ಮೇಲೆ ನೀಲಿ ನೀರು ಮಾತ್ರ. ಬೀಜ ಬಂದವು, ಸಸಿಗಳೂ ಬಂದವು, ಆದರೆ ಯಾರು ಯಾರ ಮಕ್ಕಳೆಂದು ಹೇಳುವವರಿಲ್ಲ. ಮೇಲಿನವರು ಬೈಯಲಿಲ್ಲ, ಸುಮ್ಮನೆ ಆ ಸಾಲನ್ನು ಕಿತ್ತುಹಾಕಿಸಿದರು. ಬೈದಿದ್ದರೆ ವಾಸಿಯಿತ್ತು.

ಇವತ್ತಾಗಿದ್ದರೆ ಎಲೆಯ ಒಂದು ಚೂರು ಕತ್ತರಿಸಿ ಕೊಟ್ಟರೆ ತಂದೆ-ತಾಯಿ ಯಾರೆಂದು ಡಿಎನ್ಎ ಹೇಳುತ್ತಿತ್ತು. 1997ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಬೋವರ್ಸ್ ಮತ್ತು ಮೆರೆಡಿತ್ ಹೀಗೇ ಹುಡುಕಿ, ವೈನಿನ ರಾಜನೆನಿಸಿದ ಕ್ಯಾಬರ್ನೆ ಸುವಿನ್ಯೋ ಎಂಬ ಕಪ್ಪು ದ್ರಾಕ್ಷಿಗೆ ಒಬ್ಬ ಪಾಲಕರು ಸುವಿನ್ಯೋ ಬ್ಲಾಂ ಎಂಬ ಬಿಳಿ ದ್ರಾಕ್ಷಿ, ಇನ್ನೊಬ್ಬರು ಕ್ಯಾಬರ್ನೆ ಫ್ರಾಂ ಎಂದು ತೋರಿಸಿದರು. ಎರಡು ವರ್ಷದ ಮೇಲೆ ಇನ್ನೂ ದೊಡ್ಡ ಗುಟ್ಟು ಹೊರಬಿತ್ತು. ಶಾರ್ಡೊನೆ ಎಂಬ ಕುಲೀನ ದ್ರಾಕ್ಷಿ, ಪೀನೋ ಎಂಬ ಇನ್ನೊಂದು ಕುಲೀನ ಬಳ್ಳಿಗೂ ಗುವೆ ಎಂಬ, ಫ್ರಾನ್ಸಿನಲ್ಲಿ ಕೀಳೆಂದು ತೋಟದಿಂದ ಹೊರಹಾಕಲು ನೋಡಿದ ಬಡವರ ಬಳ್ಳಿಗೂ ಹುಟ್ಟಿದ್ದು. ಬೇಲಿಯ ಆಚೆ-ಈಚೆ ಇದ್ದ ಬಳ್ಳಿಗಳು ಯಾರ ಅಪ್ಪಣೆಯನ್ನೂ ಕೇಳದೆ ಕೂಡಿದ್ದವು. ಸಂತಾನಕ್ಕೆ ಅವಕಾಶ ಇದ್ದಾಗ ಎಂಥದ್ದು ಹುಟ್ಟಬಹುದು ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ನನಗೆ ಬೇಡ.

ಬೀಜವಿಲ್ಲದ ತಳಿಯ ಪ್ರಶ್ನೆಗೆ ಬರುತ್ತೇನೆ. ಥಾಮ್ಸನ್ನನ್ನು ಗಂಡಾಗಿ ಬಳಸಬಹುದು, ಅದರ ಪರಾಗ ಚೆನ್ನಾಗಿಯೇ ಇದೆ. ತಾಯಿಯಾಗಿ ಬಳಸುವಂತಿರಲಿಲ್ಲ. ಬೀಜವುಳ್ಳ ತಾಯಿಯ ಮಕ್ಕಳಲ್ಲಿ ಹಲವು ಬೀಜವುಳ್ಳವೇ ಆಗುತ್ತಿದ್ದವು, ವರ್ಷಗಟ್ಟಲೆ ಸಾಕಿ ಕೊನೆಗೆ ಕಿತ್ತೊಗೆಯಬೇಕಿತ್ತು. 1982ರಲ್ಲಿ ಅಮೆರಿಕದ ಕೃಷಿ ಇಲಾಖೆಯ ಫ್ರೆಸ್ನೊ ಕೇಂದ್ರದಲ್ಲಿ ಎಮರ್ಶಾಡ್ ಮತ್ತು ರ‍್ಯಾಮಿಂಗ್ ದಾರಿ ತೋರಿದರು. ಸಾಯುವ ಮುನ್ನ ಭ್ರೂಣವನ್ನು ಎತ್ತಿಕೊಳ್ಳುವುದು. ಹೂವಾಗಿ ಕೆಲವು ವಾರಕ್ಕೆ ಹಸಿ ಕಾಯಿ ಕೊಯ್ದು, ಸೋಂಕು ತೊಳೆದು, ನಾನು ಈಗ ತೋರಿಸಿದ ಚುಕ್ಕೆಯನ್ನು ಚಾಕುವಿನ ತುದಿಯಲ್ಲಿ ಎತ್ತಿ ಸಕ್ಕರೆ-ಲವಣಗಳ ಮಾಧ್ಯಮದ ಮೇಲೆ ಇಡುತ್ತಾರೆ. ತಾಯಿ ಕೊಡಲಾರದ ಬುತ್ತಿಯನ್ನು ಗಾಜಿನ ಕೊಳವೆ ಕೊಡುತ್ತದೆ. ತಿಂಗಳುಗಳ ಮೇಲೆ ಸೂಕ್ಷ್ಮದರ್ಶಕದ ಕೆಳಗೆ ಬಿಡಿಸಿ ನೋಡಿದರೆ ಕೆಲವದರಲ್ಲಿ ಹೃದಯದ ಆಕಾರದ ಒಂದು ಬಿಳಿ ಕಣ. ಕೆಲವದರಲ್ಲಿ ಏನೂ ಇಲ್ಲ. ನಾನು ಮೊದಲ ಸಲ ಅದು ಹಸಿರಾದದ್ದನ್ನು ನೋಡಿದ ದಿನ ಮಧ್ಯಾಹ್ನದ ಊಟ ಮರೆತಿದ್ದೆ. ತಂದೆ-ತಾಯಿ ಇಬ್ಬರೂ ಬೀಜವಿಲ್ಲದವರಾದರೆ ಮಕ್ಕಳಲ್ಲಿ ಬೀಜವಿಲ್ಲದವುಗಳ ಪಾಲು ಬಹಳ ಏರುತ್ತದೆ. ಇವತ್ತು ಅಂಗಡಿಯಲ್ಲಿ ಸಿಗುವ ಎಷ್ಟೋ ವಿದೇಶಿ ಸೀಡ್‌ಲೆಸ್ ತಳಿಗಳ ಹಿಂದೆ ಈ ಕೊಳವೆ ಇದೆ.

ಮುಂದಿನ ಹೆಜ್ಜೆ ಓದು ಕಲಿತದ್ದು. 2007ರಲ್ಲಿ ಫ್ರಾನ್ಸ್-ಇಟಲಿಯ ವಿಜ್ಞಾನಿಗಳು ಪೀನೋ ವಂಶದ ಒಂದು ಬಳ್ಳಿಯ ಇಡೀ ಜೀನೋಮನ್ನು ಓದಿ ಪ್ರಕಟಿಸಿದರು. 19 ಜೋಡಿ ಕ್ರೋಮೋಸೋಮು, ಸುಮಾರು 50 ಕೋಟಿ ಅಕ್ಷರ, ಸುಮಾರು 30 ಸಾವಿರ ಜೀನು. ಹಣ್ಣಿನ ಬೆಳೆಗಳಲ್ಲಿ ಇದೇ ಮೊದಲು. ಇದರಿಂದ ತಳಿ ಬೆಳೆಸುವವನಿಗೆ ಏನು ಸಿಕ್ಕಿತು? ಮೊಳಕೆಯ ಎಲೆ ನೋಡಿ ಹಣ್ಣಿನ ಜಾತಕ ಹೇಳುವ ವಿದ್ಯೆ, ಅದೂ ಅರೆಬರೆ. ಬೀಜದಿಂದ ಬಂದ ದ್ರಾಕ್ಷಿ ಸಸಿ ಹಣ್ಣು ತೋರಿಸಲು ಮೂರು-ನಾಲ್ಕು ವರ್ಷ ಬೇಕು. ಸಾವಿರ ಸಸಿಗೆ ಕಂಬ, ತಂತಿ, ಹನಿ ನೀರಾವರಿ ಯಾರು ಕೊಡುತ್ತಾರೆ? ಈಗ ಅಂಗೈಯಗಲ ಇರುವಾಗಲೇ ಒಂದು ಎಲೆಯ ಬಿಲ್ಲೆ ತೆಗೆದು, ಬೀಜವಿಲ್ಲದ ಗುಣದ ಗುರುತು ಇದೆಯೆ, ಬೂದಿ ತಡೆಯುವ ಜೀನಿನ ಗುರುತು ಇದೆಯೆ ಎಂದು ನೋಡಿ, ಇಲ್ಲದವನ್ನು ಅಲ್ಲೇ ಬಿಸಾಡಬಹುದು. ಬಣ್ಣವನ್ನೂ ಹೇಳಬಹುದು. ಬಿಳಿ ದ್ರಾಕ್ಷಿ ಎಂದರೆ ಬಣ್ಣದ ಜೀನಿನ ಬಾಗಿಲಿಗೆ ಗ್ರೆಟ್1 ಎಂಬ ಜಿಗಿಯುವ ತುಣುಕು ಬಂದು ಅಡ್ಡ ಕೂತ ಕಪ್ಪು ದ್ರಾಕ್ಷಿ, ಹೀಗೆಂದು ಜಪಾನಿನವರು 2004ರಲ್ಲಿ ಕಂಡುಹಿಡಿದಿದ್ದಾರೆ. ರುಚಿ? ಅದನ್ನು ಇನ್ನೂ ನಾಲಿಗೆಯೇ ಹೇಳಬೇಕು.

ಇದರ ಫಲ ನೋಡಬೇಕೆಂದರೆ ಡೇವಿಸ್‌ನ ಆ್ಯಂಡ್ರೂ ವಾಕರ್ ಅವರ ಕೆಲಸ ನೋಡಬೇಕು. ಅಲ್ಲಿ ಪಿಯರ್ಸ್ ರೋಗ ಎಂಬುದೊಂದಿದೆ. ಜಿಗಿಹುಳು ಹೊತ್ತು ತರುವ ಬ್ಯಾಕ್ಟೀರಿಯಾ ಬಳ್ಳಿಯ ನೀರಿನ ನಾಳವನ್ನೇ ಕಟ್ಟಿಹಾಕುತ್ತದೆ. ಮೆಕ್ಸಿಕೋದಿಂದ ತಂದ ಒಂದು ಕಾಡುಬಳ್ಳಿಯಲ್ಲಿ ಇದಕ್ಕೆ ಪ್ರತಿರೋಧವಿತ್ತು. ಅದನ್ನು ಒಳ್ಳೆಯ ದ್ರಾಕ್ಷಿಗೆ ಕೂಡಿಸಿ, ಹುಟ್ಟಿದ್ದನ್ನು ಮತ್ತೆ ಒಳ್ಳೆಯ ದ್ರಾಕ್ಷಿಗೆ ಕೂಡಿಸಿ, ತಲೆಮಾರು ತಲೆಮಾರಿಗೂ ಆ ಒಂದು ಜೀನಿನ ಗುರುತಿದ್ದ ಸಸಿಯನ್ನಷ್ಟೇ ಉಳಿಸಿಕೊಂಡು ಹೋದರು. 2019ರಲ್ಲಿ ಐದು ತಳಿ ಹೊರಬಂದವು, ಅವುಗಳಲ್ಲಿ ಊರ ದ್ರಾಕ್ಷಿಯ ಪಾಲು 94ರಿಂದ 97 ಶೇಕಡ. ಕಾಡಿನದು ಸಾರಿಗೆ ಬಿದ್ದ ಉಪ್ಪಿನಷ್ಟು. ಅವುಗಳ ಹೆಸರಲ್ಲಿ ಒಂದು ತಮಾಷೆಯಿದೆ: ಕಮ್ಮಿನಾರೆ, ಪಸೆಯಾಂಟೆ, ಎರಾಂಟೆ, ಆಂಬುಲೊ, ಕಮಿನಾಂಟೆ, ಎಲ್ಲದರ ಅರ್ಥವೂ ನಡೆಯುವುದು, ಅಲೆಯುವುದು. ವಾಕರ್ ಎಂದರೂ ನಡೆಯುವವನೇ. ಇಲ್ಲಿ ಹೊರಗಿನ ಜೀನನ್ನು ಸೂಜಿಯಿಂದ ತುರುಕಿಲ್ಲ ಎಂಬುದನ್ನು ಗಮನಿಸಿ. ಎಲ್ಲ ಹೂವು, ಪರಾಗ, ಬೀಜದ ಹಾದಿಯೇ. ಎಣಿಕೆ ಮಾತ್ರ ಪ್ರಯೋಗಾಲಯದ್ದು.

ಒಂದೇ ಜೀನು ನಂಬಿ ಕೂತರೆ ಕೆಟ್ಟೆವು. ಹಂಗೇರಿಯ ಬಿಯಾಂಕಾ ಎಂಬ ತಳಿಯಲ್ಲಿದ್ದ ದಾವಣಿ ತಡೆಯುವ ಜೀನನ್ನು ದಾಟುವ ಬೂಷ್ಟಿನ ಬಗೆಗಳು ಯುರೋಪಿನಲ್ಲಿ ಹುಟ್ಟಿಕೊಂಡವು. ಅದಕ್ಕೇ ಫ್ರಾನ್ಸಿನವರು ಒಂದೇ ಬಾಗಿಲಿಗೆ ಎರಡು ಬೀಗ ಹಾಕಿದರು. ಮೊಂಪೆಲಿಯೆಯ ಅಲೆಂ ಬೂಕೆ ದಶಕಗಳ ಕಾಲ ಮಸ್ಕಡೈನ್ ಎಂಬ, 20 ಜೋಡಿ ಕ್ರೋಮೋಸೋಮಿನ ದೂರದ ನೆಂಟನಿಂದ ಪ್ರತಿರೋಧದ ಜೀನುಗಳನ್ನು ಎಳೆದು ತಂದಿದ್ದರು. ಅವನ್ನು ಇನ್ನೊಂದು ಮೂಲದ ಜೀನಿನ ಜತೆ ಸೇರಿಸಿದ ಆರ್ಟಬಾನ್, ಫ್ಲೊರೆಯಾಲ್, ವಿಡಾಕ್ ತಳಿಗಳು 2018ರಲ್ಲಿ ಅಲ್ಲಿನ ಪಟ್ಟಿ ಸೇರಿದವು. ಎಲೆ ನೋಡಿ ಎರಡು ಬೀಗವೂ ಇವೆ ಎಂದು ಹೇಳಲು ಯಾವ ಕಣ್ಣಿಗೂ ಸಾಧ್ಯವಿಲ್ಲ, ಡಿಎನ್ಎ ಗುರುತೇ ಬೇಕು.

ಈಗ ಎಲ್ಲರೂ ಕೇಳುವುದು ಜೀನ್ ತಿದ್ದುವ ಕ್ರಿಸ್ಪರ್ ಬಗ್ಗೆ. ಬೂದಿ ಬೂಷ್ಟು ಎಲೆಯೊಳಗೆ ನುಗ್ಗಲು ಎಂಎಲ್ಒ ಎಂಬ ಜೀನುಗಳ ನೆರವು ಪಡೆಯುತ್ತದೆ. 2020ರಲ್ಲಿ ಚೀನಾದವರು ಅದರಲ್ಲೊಂದನ್ನು ಕೆಡಿಸಿದಾಗ ಬಳ್ಳಿ ಬೂದಿಯನ್ನು ಹೆಚ್ಚು ತಡೆಯಿತು, ಆದರೆ ಕೆಲವು ಗಿಡಗಳ ಎಲೆ ಬೇಗ ಹಳದಿಯಾದವು. ಪುಕ್ಕಟೆ ಯಾವುದೂ ಸಿಗುವುದಿಲ್ಲ. ಭತ್ತದಲ್ಲಿ ಈ ಕೆಲಸ ಸಲೀಸು. 2022ರಲ್ಲಿ ಕೇಂದ್ರ ಸರ್ಕಾರ ಹೊರಗಿನ ಜೀನಿಲ್ಲದ ತಿದ್ದುಪಡಿಗೆ ನಿಯಮ ಸಡಿಲಿಸಿತು, 2025ರ ಮೇನಲ್ಲಿ ಎರಡು ತಿದ್ದಿದ ಭತ್ತದ ತಳಿ ಘೋಷಣೆಯಾದವು. ಭತ್ತದಲ್ಲಿ ತಿದ್ದುವ ಕತ್ತರಿಯನ್ನೇ ಮೊದಲು ಜೀನೋಮಿನೊಳಗೆ ಸೇರಿಸಿ, ಮುಂದಿನ ತಲೆಮಾರಿನಲ್ಲಿ ಕತ್ತರಿ ಬಿಟ್ಟುಹೋದ ಗಿಡ ಆರಿಸಿಕೊಳ್ಳುತ್ತಾರೆ. ದ್ರಾಕ್ಷಿಗೆ ಮುಂದಿನ ತಲೆಮಾರು ಎಂದರೆ ಬೇರೆಯೇ ತಳಿ. ಥಾಮ್ಸನ್ನಿನ ಮಗು ಥಾಮ್ಸನ್ ಅಲ್ಲ. ಹಾಗಾಗಿ ಗೋಡೆ ಕಳಚಿದ ಬಿಡಿ ಕೋಶಕ್ಕೆ ಕತ್ತರಿಯನ್ನು ಪ್ರೋಟೀನಾಗಿ ಕೊಟ್ಟು, ಅದು ಕೆಲಸ ಮುಗಿಸಿ ಕರಗಿದ ಮೇಲೆ, ಆ ಒಂದು ಕೋಶದಿಂದ ಇಡೀ ಬಳ್ಳಿ ಬೆಳೆಸಬೇಕು. ಎಲ್ಲ ತಳಿಗಳೂ ಅದಕ್ಕೆ ಒಪ್ಪುವುದಿಲ್ಲ, ದ್ರಾಕ್ಷಿ ಅಷ್ಟು ಹಟಮಾರಿ.

ಒಪ್ಪಿದರೂ ಜನ ಒಪ್ಪಬೇಕು. ಫ್ರಾನ್ಸಿನ ಕೊಲ್ಮಾರ್‌ನಲ್ಲಿ ನಂಜುರೋಗ ತಡೆಯಲೆಂದು ಜೀನ್ ಸೇರಿಸಿದ ಬುಡದ ಗಿಡಗಳ ತಾಕನ್ನು 2010ರ ಆಗಸ್ಟಿನಲ್ಲಿ ವಿರೋಧಿಗಳು ಕಿತ್ತುಹಾಕಿದರು. 2024ರ ಸೆಪ್ಟೆಂಬರಿನಲ್ಲಿ ವೆರೋನಾ ವಿಶ್ವವಿದ್ಯಾಲಯದವರು ದಾವಣಿ ತಡೆಯುವಂತೆ ತಿದ್ದಿದ ಶಾರ್ಡೊನೆಯ ಬೆರಳೆಣಿಕೆಯ ಗಿಡಗಳನ್ನು ಬಯಲಿಗೆ ನೆಟ್ಟರು, 2025ರ ಫೆಬ್ರವರಿಯ ಒಂದು ರಾತ್ರಿ ಅವನ್ನೂ ಕತ್ತರಿಸಿದರು. ಪ್ರಶ್ನೆ ಕೇಳುವುದು ಬೇರೆ, ಉತ್ತರ ಹುಟ್ಟುವ ಮೊದಲೇ ಗಿಡ ಕಡಿಯುವುದು ಬೇರೆ. ಎರಡನೆಯದನ್ನು ನಾನು ಒಪ್ಪಲಾರೆ. ನಮ್ಮ ತೋಟಗಳಿಗೆ ಸದ್ಯ ತಿದ್ದುವುದಕ್ಕಿಂತ ಗುರುತು ಹಿಡಿದು ಹುಟ್ಟಿಸುವುದೇ ಹತ್ತಿರದ ದಾರಿ ಎಂದು ನನ್ನ ಲೆಕ್ಕ.

ಏಕೆಂದರೆ ಸರಕು ನಮ್ಮ ಮನೆಯಲ್ಲೇ ಇದೆ. ಚಿಕ್ಕಬಳ್ಳಾಪುರ, ದೇವನಹಳ್ಳಿ ಕಡೆಯ ಬೆಂಗಳೂರು ನೀಲಿ ದ್ರಾಕ್ಷಿ, 2013ರಲ್ಲಿ ಭೌಗೋಳಿಕ ಗುರುತು ಪಡೆದದ್ದು, ಮೈಯಲ್ಲಿ ಅಮೆರಿಕದ ಕಾಡುದ್ರಾಕ್ಷಿಯ ರಕ್ತ ಹೊತ್ತಿದೆ. ಅದರ ಗಾಢ ಪರಿಮಳ ನಮಗೆ ದ್ರಾಕ್ಷಿ ಎಂದರೆ ಇದೇ ಎನ್ನಿಸುತ್ತದೆ, ಇಂಗ್ಲಿಷಿನವರು ಅದಕ್ಕೆ ನರಿಯ ಹೆಸರಿಟ್ಟು ಮೂಗು ಮುರಿಯುತ್ತಾರೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಅದನ್ನು ಬ್ಲ್ಯಾಕ್ ಚಂಪಾ ಜತೆ ಕೂಡಿಸಿ ಅರ್ಕಾ ಶ್ಯಾಮ್ ಮಾಡಿದರು, ಅನಾಬ್-ಎ-ಶಾಹಿ ಜತೆ ಕೂಡಿಸಿ ಅರ್ಕಾ ಹಂಸ್ ಮಾಡಿದರು. ಬ್ಲ್ಯಾಕ್ ಚಂಪಾ ಮತ್ತು ಥಾಮ್ಸನ್ನಿನಿಂದ ಅರ್ಕಾವತಿ, ಅರ್ಕಾ ನೀಲಮಣಿ ಬಂದವು. ಪುಣೆಯ ಮಾಂಜ್ರಿಯ ರಾಷ್ಟ್ರೀಯ ದ್ರಾಕ್ಷಿ ಕೇಂದ್ರದವರು ಪೂಸಾ ನವರಂಗ್ ಮತ್ತು ಫ್ಲೇಮ್ ಸೀಡ್‌ಲೆಸ್ ಕೂಡಿಸಿ ರಸಕ್ಕೆಂದು ಮಾಂಜ್ರಿ ಮೆಡಿಕಾ ಕೊಟ್ಟರು. ಮಕ್ಕಳು ಹುಟ್ಟಿಲ್ಲವೆಂದಲ್ಲ. ಹುಟ್ಟಿದ ಮಕ್ಕಳಿಗೆ ಮಾರುಕಟ್ಟೆಯಲ್ಲಿ ಹೆಣ್ಣು ಕೊಡುವವರಿಲ್ಲ.

ಹೋದ ವರ್ಷ ಒಬ್ಬ ಹಿರಿಯರು ತೋಟದಲ್ಲಿ ನನ್ನನ್ನು ನಿಲ್ಲಿಸಿ ಹೇಳಿದ್ದು ನೆನಪಿದೆ. "ಸರ, ದಾವಣಿ ಬರಲಾರದ ಹೊಸಾ ತಳಿ ಕೊಡ್ರಿ, ಹಾಕ್ತೀನಿ. ಆದ್ರ ಅದು ಥಾಮ್ಸನ್ನs ಆಗಿರಬೇಕ್ರಿ. ವ್ಯಾಪಾರಿ ಹೆಸರು ಕೇಳಿದ್ರ ನಾ ಏನ್ ಹೇಳ್ಲಿ?" ನಾನು ನಕ್ಕೆ, ಅವರು ನಗಲಿಲ್ಲ. ಎಕರೆಗೆ ಲಕ್ಷಗಟ್ಟಲೆ ಸುರಿದು, ಕಂಬ ನಿಲ್ಲಿಸಿ, ಹದಿನೈದು ವರ್ಷ ಅದೇ ಬಳ್ಳಿಯ ಜತೆ ಬಾಳಬೇಕಾದವರ ಮಾತು ಅದು. ಆಮೇಲೆ ಇನ್ನೊಂದು ಕೇಳಿದರು: "ಕಡ್ಡಿ ನಮ್ಮ ತಮ್ಮಗ ಕೊಟ್ರ ಕೇಸ್ ಹಾಕ್ತಾರೇನ್ರಿ?" ಖಾಸಗಿ ಕಂಪನಿಗಳ ತಳಿಗಳು ಪರವಾನಗಿಯ ಕರಾರಿನೊಂದಿಗೆ ಬರುತ್ತಿರುವ ಕಾಲದಲ್ಲಿ ಈ ಭಯ ಸಹಜ. ನಮ್ಮ 2001ರ ತಳಿ ಸಂರಕ್ಷಣೆ ಕಾಯ್ದೆ ರೈತರಿಗೆ ಬೀಜ ಉಳಿಸುವ, ಹಂಚಿಕೊಳ್ಳುವ ಹಕ್ಕು ಕೊಡುತ್ತದೆ, ಬೀಜ ಎಂಬುದರ ವ್ಯಾಖ್ಯೆಯಲ್ಲಿ ಮತ್ತೆ ಚಿಗುರಬಲ್ಲ ಸಸ್ಯಭಾಗವೂ ಸೇರಿದೆ ಎಂದು ನಾನು ಅವರಿಗೆ ಹೇಳಿದೆ. ಕರಾರಿಗೆ ರುಜು ಹಾಕುವ ಮುನ್ನ ಮಾತ್ರ ವಕೀಲರಿಗೆ ತೋರಿಸಿ ಎಂದೂ ಹೇಳಿದೆ. ಸಾರ್ವಜನಿಕ ಸಂಸ್ಥೆಗಳು ತಳಿ ಹುಟ್ಟಿಸುವುದನ್ನು ನಿಲ್ಲಿಸಬಾರದು ಎಂದು ನಾನು ಹಟ ಹಿಡಿಯುವುದು ಇಂಥ ತೋಟಗಳಲ್ಲಿ ನಿಂತಾಗಲೇ.

ವಿದ್ಯಾರ್ಥಿಗಳು ಇತ್ತ ಬನ್ನಿ. ಗೊಂಚಲಲ್ಲಿ ಇನ್ನೂ ನಲವತ್ತು-ಐವತ್ತು ಹಣ್ಣಿವೆ. ಒಬ್ಬೊಬ್ಬರು ಒಂದೊಂದು ಸೀಳಿ, ಚುಕ್ಕೆ ಎಷ್ಟಿವೆ ಎಣಿಸಿ, ಒಂದು ಹಾಳೆಯ ಮೇಲೆ ಬರೆಯಿರಿ. ಸೀಸದ ಕಡ್ಡಿಯಲ್ಲಿ ಬರೆಯಿರಿ. ಬ್ಲೇಡು ಹೊಸದು, ಬೆರಳು ಜೋಪಾನ.